ಜಪಾನ್ ಸಾಮ್ರಾಟರ 2013ರ ಭೇಟಿ: ಶಿಡ್ಲಘಟ್ಟದ ಮಕ್ಕಳಿಗೆ ಹೇಗೆ ಹೇಳಲಿ?

ಹೈಸ್ಕೂಲ್ ಟೀಚರ್, ಶಿಡ್ಲಘಟ್ಟ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರ ನಮ್ಮ ಶಾಲೆಯಲ್ಲಿ ವಸ್ತುಪ್ರದರ್ಶನ. ನನ್ನ ಪಾಲಿಗೆ ಬಂದಿರುವುದು ಭಾರತ–ಜಪಾನ್. ಜಪಾನಿನ ಆಗಿನ ಸಾಮ್ರಾಟ ಅಕಿಹಿತೊ, ಸಾಮ್ರಾಜ್ಞಿ ಮಿಚಿಕೊ 2013ರಲ್ಲಿ ಇದೇ ದಿನಗಳಲ್ಲಿ ಬಂದಿದ್ದರು. ಪಟ್ಟದಲ್ಲಿರುವ ಜಪಾನ್ ಸಾಮ್ರಾಟರು ಭಾರತಕ್ಕೆ ಬಂದದ್ದು ಅದೇ ಮೊದಲು. ಯುವರಾಜರಾಗಿದ್ದಾಗ 1960ರಲ್ಲೂ ದಂಪತಿ ಬಂದಿದ್ದರು. ದೆಹಲಿಯ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್‌ಗೆ ಅಡಿಗಲ್ಲು ಹಾಕಿದ್ದು ಆಗ. 2013ರಲ್ಲಿ ದೆಹಲಿ ಮುಗಿಸಿ ಚೆನ್ನೈಗೆ ಹೋಗಿ ನೃತ್ಯ-ಸಂಗೀತ ಕಲಿಸುವ ಕಲಾಕ್ಷೇತ್ರ ನೋಡಿದರು. ಇಷ್ಟನ್ನು ಚಾರ್ಟಿನಲ್ಲಿ ಬರೆದು ತೋರಿಸಿದೆ. ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು, “ಅವ್ರು ನಮ್ ಕಡೆ ಬರ್ಲೇ ಇಲ್ವಲ್ಲ ಮಿಸ್, ನಮಗೇನು?” ನ್ಯಾಯವಾದ ಪ್ರಶ್ನೆ. ಅರ್ಧ ಮಕ್ಕಳ ಮನೆಯಲ್ಲಿ ರೇಷ್ಮೆ ಹುಳು ಮೇಯಿಸುತ್ತಾರೆ. ಅವರ ಮನಸ್ಸಿಗೆ ಹತ್ತಿರವಾಗುವಂಥದ್ದು ಏನಾದರೂ ಇದೆಯೇ?

ಮಾಲೂರಿನವ:
ಮೇಡಂ, ಆನೆ ಇಂದಿರಾ ಕಥೆ ಹೇಳಿ. ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೊದ ಉಯೆನೊ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಆಮೇಲೆ ಅಲ್ಲಿನ ಮಕ್ಕಳು ಆನೆ ಬೇಕು ಅಂತ ಕೇಳಿಕೊಂಡಾಗ ನೆಹರೂ 1949ರಲ್ಲಿ ಕಳಿಸಿದ್ದು ಈ ಇಂದಿರಾಳನ್ನು. ಮೈಸೂರು ಸೀಮೆಯ ಆನೆ ಅದು.

ರೇಷ್ಮೆ ಬೆಳೆಗಾರ, ಚಿಂತಾಮಣಿ:
ಆನೆ ಇರಲಿ ಮೇಡಂ, ಆದರೆ ನಿಮ್ಮ ಮಕ್ಕಳಿಗೆ ಹುಳುವಿನ ಕಥೆಯನ್ನೇ ಹೇಳಿ. ಮಿಚಿಕೊ ಅವರೂ ಹುಳು ಮೇಯಿಸಿದವರು! 1871ರಲ್ಲಿ ಆಗಿನ ಸಾಮ್ರಾಜ್ಞಿ ಶುರು ಮಾಡಿದ ರೂಢಿ, ಅರಮನೆಯ ಆವರಣದಲ್ಲೇ ಸಾಕಣೆ ಮನೆ ಇದೆ. ಸೊಪ್ಪು ಹಾಕುವುದು, ಗೂಡು ಬಿಡಿಸುವುದು, ಇದಕ್ಕೆಲ್ಲ ಅವರೇ ಕೈಹಾಕುತ್ತಿದ್ದರು.

ಅಲ್ಲಿ ಕೊಇಶಿಮಾರು ಅಂತ ಹಳೇ ತಳಿ. ಗೂಡು ಚಿಕ್ಕದು, ನಡುವೆ ಸೊಂಟದಂತೆ ಒಳಕ್ಕೆ ಹೋಗಿರುತ್ತದೆ, ಇಳುವರಿ ಕಡಿಮೆ. ಇನ್ನು ಸಾಕು, ಬಿಟ್ಟುಬಿಡೋಣ ಅಂತ ಮಾತು ಬಂದಾಗ ಉಳಿಸಿ ಅಂದವರು ಮಿಚಿಕೊ. ನಾರಾ ಊರಿನ ಶೋಸೊಇನ್ ಭಂಡಾರದಲ್ಲಿ ಎಂಟನೇ ಶತಮಾನದ ಬಟ್ಟೆಗಳಿವೆ, ಅವು ಜೀರ್ಣವಾಗಿದ್ದವು. ಆ ಕಾಲದ ನೂಲಿನಷ್ಟು ತೆಳು ಎಳೆ ಸಿಕ್ಕಿದ್ದು ಈ ಹುಳುವಿನಿಂದಲೇ. 1994ರಿಂದ ಅರಮನೆಯ ಗೂಡುಗಳು ಆ ಬಟ್ಟೆಗಳನ್ನು ಮತ್ತೆ ನೇಯುವ ಕೆಲಸಕ್ಕೆ ಹೋದವು. ಅದೇ ಭಂಡಾರದಲ್ಲಿ ಒಂದು ಕುಂಚವಿದೆ. 752ರಲ್ಲಿ ನಾರಾದ ತೊದಾಯಿಜಿ ದೇಗುಲದ ಮಹಾಬುದ್ಧನಿಗೆ ಕಣ್ಣು ಬರೆದದ್ದು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು, ಆ ಕುಂಚದಿಂದ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಗೌರಿಬಿದನೂರು ಓದುಗ:
ಅಣ್ಣಾ, ಅರಮನೆಯವರದ್ದು ಸಂಪ್ರದಾಯ, ನಮ್ಮವರದ್ದು ಹೊಟ್ಟೆಪಾಡು. ಗೂಡಿನ ರೇಟು ಬಿದ್ದರೆ ಅಳುವವರು ನಾವು. ಎರಡನ್ನೂ ಒಂದೇ ಚಾರ್ಟಿಗೆ ಹಾಕಬಹುದಾ?

ರೇಷ್ಮೆ ಬೆಳೆಗಾರ, ಚಿಂತಾಮಣಿ:
ಹಾಕಬೇಕು. ಆ ವ್ಯತ್ಯಾಸವನ್ನೂ ಬರೆಯಲಿ, ಮುಚ್ಚಿಡುವುದು ಬೇಡ. ಆದರೆ ಜಪಾನಿನಿಂದ ನಮ್ಮ ಹೊಟ್ಟೆಪಾಡಿಗೂ ಬಂದದ್ದಿದೆ. 1991ರಲ್ಲಿ ಅವರ ನೆರವಿನ ದ್ವಿತಳಿ ಯೋಜನೆ ಮೈಸೂರಿನಲ್ಲಿ ಶುರುವಾಯಿತು. ಬಿಳಿ ಗೂಡು ಕಟ್ಟುವ ಸಿಎಸ್‌ಆರ್2, ಸಿಎಸ್‌ಆರ್4 ಹುಳುತಳಿಗಳು ಬಂದದ್ದು ಆ ಕೆಲಸದಿಂದ. ನಮ್ಮಪ್ಪ ಬರೀ ಹಳದಿ ಗೂಡು ಬೆಳೆದವರು, ನಾನು ಬಿಳಿ ಗೂಡನ್ನು ಶಿಡ್ಲಘಟ್ಟ ಮಾರ್ಕೆಟ್ಟಿಗೆ ತರುತ್ತೇನೆ. ಬರಲೇ ಇಲ್ಲ ಅಂದಳಲ್ಲ ಆ ಹುಡುಗಿ, ಅವಳ ಮನೆಯ ತಟ್ಟೆಯಲ್ಲಿ ಯಾವ ತಳಿ ಇದೆ ಅಂತ ಅವಳನ್ನೇ ಕೇಳಿ ನೋಡಿ.

ಹೈಸ್ಕೂಲ್ ಟೀಚರ್, ಶಿಡ್ಲಘಟ್ಟ:
ಕೇಳಿದೆ ಸರ್. ಬಿಳಿ ಗೂಡೇ. ಅಜ್ಜಿಯ ಕಾಲದ ಹಳದಿ ಗೂಡನ್ನೂ ಹುಡುಕಿ ತರುತ್ತೇನೆ ಅಂದಿದ್ದಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಮೇಲೆ ಮಿಚಿಕೊ ಅವರ ಚಿತ್ರ ಹಾಕುತ್ತೇವೆ. ಪ್ರದರ್ಶನದ ದಿನಕ್ಕೆ ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಬಿಟ್ಟ) ಹುಳು ಒಂದು ತಟ್ಟೆ ಬೇಕಿತ್ತು. ನಿಮ್ಮಲ್ಲಿ ಆ ಹೊತ್ತಿಗೆ ಇರುತ್ತದೆಯೇ?

ರೇಷ್ಮೆ ಬೆಳೆಗಾರ, ಚಿಂತಾಮಣಿ:
ಚಾಕಿ ಹುಳು, ಅಂದರೆ ಎಳೇ ಹುಳು, ಆ ಲೆಕ್ಕಕ್ಕೇ ತರಿಸುತ್ತೇನೆ. ಆದರೆ ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಹಚ್ಚಬೇಡಿ. ಸೊಪ್ಪು ನಾನೇ ತರುತ್ತೇನೆ.