ಬಿಸ್ಕೆಟ್ ಅಂದ್ರೆ ಮೆತ್ತಗಿರುತ್ತಾ?

ಪ್ರಶ್ನೆ: ನನ್ನ ತಂಗಿ ಅಮೆರಿಕದ ಜಾರ್ಜಿಯಾದಲ್ಲಿದ್ದಾಳೆ. ಬೆಳಗ್ಗೆ ತಿಂಡಿಗೆ ಬಿಸ್ಕೆಟ್ ತಿಂದೆ ಅಂತ ಫೋಟೋ ಕಳಿಸಿದಳು. ನೋಡಿದರೆ ಬನ್ನಿನ ಹಾಗಿದೆ, ಒಳಗೆ ಪದರ ಪದರ, ಮೇಲೆ ಬಿಳಿ ಗ್ರೇವಿ ಬೇರೆ! ಈ ಪದಕ್ಕೆ ಮೂಲದಲ್ಲಿ ಏನರ್ಥ? ಯಾರದ್ದು ನಿಜವಾದ ಬಿಸ್ಕೆಟ್?

ಬೇಕರಿಯವ, ಹಾಸನ: ಮೇಡಂ, ಅಪ್ಪನ ಕಾಲದಿಂದ ನಮ್ಮದು ಬೇಕರಿ. ನನಗೆ ತುಂಬಾ ಇಷ್ಟದ ಪದ ಇದು. ಲ್ಯಾಟಿನ್‌ನಲ್ಲಿ ‘ಬಿಸ್’ ಅಂದರೆ ಎರಡು ಸಲ, ‘ಕಾಕ್ಟಸ್’ ಅಂದರೆ ಬೇಯಿಸಿದ್ದು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಎರಡು ಸಲ ಯಾಕೆ? ನೀರಿನಂಶ ಹೋಗಿ ತಿಂಗಳುಗಟ್ಟಲೆ ಕೆಡದೆ ಇರಲಿ ಅಂತ. ಹಡಗಿನವರಿಗೆ ಅದೇ ಊಟ. ಬ್ರಿಟಿಷ್ ನೌಕಾಪಡೆಯಲ್ಲಿ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬಿಸ್ಕೆಟ್ ಪಡಿ ಕೊಡುತ್ತಿದ್ದರು. ಹಿಟ್ಟು, ನೀರು, ಸ್ವಲ್ಪ ಉಪ್ಪು, ಅಷ್ಟೇ. ನೆನೆಸದೆ ಕಚ್ಚೋಕೆ ಆಗುತ್ತಿರಲಿಲ್ಲ.

ಈ ಲೆಕ್ಕದಲ್ಲಿ ನಮ್ಮ ಅಂಗಡಿಯಲ್ಲಿ ಆ ಹೆಸರು ಸಲ್ಲಬೇಕಾದ್ದು ರಸ್ಕ್‌ಗೆ. ಬ್ರೆಡ್ ಬೇಯಿಸಿ, ಪೂರ್ತಿ ಆರಲು ಬಿಟ್ಟು, ಹೋಳು ಮಾಡಿ, ಟ್ರೇಯಲ್ಲಿ ಜೋಡಿಸಿ ಸಣ್ಣ ಕಾವಿನಲ್ಲಿ ಮತ್ತೆ ಇಡುತ್ತೇವೆ. ಬಿಸಿ ಬ್ರೆಡ್ ಕೊಯ್ದರೆ ಚಾಕುವಿಗೆ ಅಂಟಿ ಮುದ್ದೆಯಾಗುತ್ತೆ. ಕಾವು ಜಾಸ್ತಿಯಾದರೆ ಹೊರಗೆ ಕೆಂಪಾಗಿ ನಡುವೆ ಮೆತ್ತಗೆ ಉಳಿಯುತ್ತೆ, ಅಂಥದ್ದು ಬೇಗ ಬೂಸ್ಟು ಹಿಡಿಯುತ್ತೆ. ಬೆಣ್ಣೆ ಬಿಸ್ಕೆಟ್, ಖಾರ ಬಿಸ್ಕೆಟ್ ಎಲ್ಲ ಒಂದೇ ಸಲ ಬೇಯುವಂಥವು. ನಿಮ್ಮ ತಂಗಿ ತಿಂದದ್ದೂ ಅಷ್ಟೇ. ಅದು ಬೇಕಿಂಗ್ ಪೌಡರ್‌ನಿಂದ ಉಬ್ಬುವುದು, ಬಿಸಿಯಿದ್ದಾಗಲೇ ರುಚಿ.

ಮಣ್ಣಿನ ಕೆಲಸದವಳು: ನಮ್ಮಲ್ಲೂ ಬಿಸ್ಕೆಟ್ ಇದೆ! ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚುವ ಮುಂಚೆ ಒಂದು ಸಲ ಸುಟ್ಟ ಮಣ್ಣಿನ ಪಾತ್ರೆಗೆ ಹಾಗೆನ್ನುತ್ತಾರೆ. ನಾನು ಕಪ್‌ಗಳನ್ನು ಸುಮಾರು 1000 ಡಿಗ್ರಿಯಲ್ಲಿ ಸುಡುತ್ತೇನೆ. ಆರಿದ ಮೇಲೆ ನಾಲಿಗೆ ತಾಗಿಸಿದರೆ ಅಂಟಿಕೊಳ್ಳುತ್ತೆ, ಅಷ್ಟು ನೀರು ಹೀರುತ್ತೆ. ಹಾಗಿದ್ದರೇನೇ ಗ್ಲೇಜ್ ಚೆನ್ನಾಗಿ ಹಿಡಿಯೋದು.

ಪ್ರಶ್ನೆ ಕೇಳಿದವಳು: ಎಷ್ಟು ಚೆನ್ನಾಗಿ ಹೇಳಿದಿರಿ ಇಬ್ಬರೂ! ನಮ್ಮ ಬಿಸ್ಕೆಟ್‌ಗೆ ಅಲ್ಲಿ ಕುಕಿ ಅಂತಾರಂತೆ. ಅದು ಎಲ್ಲಿಂದ ಬಂತು?

ಬೇಕರಿಯವ, ಹಾಸನ: ಅದು ಡಚ್ಚರ ಮಾತು, ಚಿಕ್ಕ ಕೇಕ್ ಅಂತ ಅರ್ಥ. ನ್ಯೂಯಾರ್ಕಿಗೆ ಮೊದಲು ನ್ಯೂ ಆಮ್‌ಸ್ಟರ್‌ಡ್ಯಾಮ್ ಅಂತಿದ್ದರಲ್ವಾ, ಅಲ್ಲಿ ನೆಲೆಸಿದ ಡಚ್ಚರಿಂದ ಅಮೆರಿಕದವರ ಬಾಯಿಗೆ ಬಂತು. ಸಿಹಿಯದಕ್ಕೆ ಆ ಹೆಸರು ನಿಂತಿತು, ಬಿಸ್ಕೆಟ್ ಅನ್ನೋದು ಮೆತ್ತನೆಯದರ ಪಾಲಾಯಿತು. ಇನ್ನೊಂದು ಮಾತು. ಇಂಗ್ಲಿಷರು ಹಿಂದೆ ಈ ಪದವನ್ನು ನಾವು ಅನ್ನೋ ಹಾಗೇ, ಕೆ, ಇ, ಟಿ ಹಾಕಿ ಬರೆಯುತ್ತಿದ್ದರು. ಆಮೇಲೆ ಫ್ರೆಂಚರ ಸ್ಪೆಲಿಂಗ್ ತಂದರು. ನನ್ನ ಮಗಳು ಡಿಕ್ಟೇಶನ್‌ನಲ್ಲಿ ಹಳೇ ಕಾಲದ ಥರ ಬರೆದು ಬಂದಾಗ ನಾನು ಬೈಯಲಿಲ್ಲ, ಈ ಕತೆ ಹೇಳಿದೆ.