ಪದಚರ್ಚೆ: ‘ಮೊಲದ ಪ್ರತಿಕಾಯ’ ಎಂದರೆ ಯಾವುದು?

ಪ್ರಶ್ನೆ (ತುಮಕೂರು)

ಬಿಎಸ್ಸಿ ತರಗತಿಗೆ ಕನ್ನಡದಲ್ಲಿ ಪ್ರಯೋಗ ಕೈಪಿಡಿ ಸಿದ್ಧವಾಗುತ್ತಿದೆ. ಡಿಎನ್‌ಎ ರಿಪೇರಿಯ ಪ್ರೋಟೀನ್ ರ‍್ಯಾಡ್51 ಅನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ ಗುರುತಿಸುವ ಪಾಠವಿದು. ಬ್ಲಾಟ್ ಎಂದರೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಪೊರೆಯ ಮೇಲೆ ಕೂರಿಸಿ, ಪ್ರತಿಕಾಯದಿಂದ (ಆಂಟಿಬಾಡಿ) ಹುಡುಕುವುದು. ಒಂದು ಶೀಶೆಯ ಮೇಲೆ ‘ರ‍್ಯಾಬಿಟ್ ಆಂಟಿ-ರ‍್ಯಾಡ್51’ ಎಂದಿದೆ, ಇನ್ನೊಂದರ ಮೇಲೆ ‘ಗೋಟ್ ಆಂಟಿ-ರ‍್ಯಾಬಿಟ್’. ಕರಡಿನಲ್ಲಿ ಮೊದಲನೆಯದು ‘ಮೊಲದ ಪ್ರತಿಕಾಯ’, ಎರಡನೆಯದು ‘ಮೊಲ-ವಿರೋಧಿ ಪ್ರತಿಕಾಯ’ ಎಂದಾಗಿದೆ. ನಡೆಯುತ್ತದೆಯೇ? ರಿಪೇರಿಗೆ ‘ದುರಸ್ತಿ’, ಬ್ಲಾಕಿಂಗ್‌ಗೆ ‘ತಡೆ’, ಫೋಕೈಗೆ ‘ನಾಭಿಗಳು’ ಆದೀತೇ?

ಉತ್ತರ (ಶಿಡ್ಲಘಟ್ಟ)

‘ಮೊಲದ ಪ್ರತಿಕಾಯ’ ಖಂಡಿತ ಬೇಡ. ಷಷ್ಠಿ ವಿಭಕ್ತಿ ಇಲ್ಲಿ ಎರಡೂ ಕಡೆ ಎಳೆಯುತ್ತದೆ: ಮೊಲದಿಂದ ಬಂದದ್ದೋ, ಮೊಲದ ಪ್ರೋಟೀನನ್ನು ಹಿಡಿಯುವುದೋ? ‘ವಿರೋಧಿ’ ಇನ್ನೂ ಕೆಟ್ಟದ್ದು. ಬ್ಲಾಟ್‌ನಲ್ಲಿ ಪ್ರತಿಕಾಯ ಯಾರನ್ನೂ ವಿರೋಧಿಸುವುದಿಲ್ಲ, ಹುಡುಕಿ ಅಂಟಿಕೊಳ್ಳುತ್ತದೆ, ಅಷ್ಟೇ. ಲೇಬಲ್ಲಿನಲ್ಲಿ ‘ಆಂಟಿ’ಗೆ ಮೊದಲು ಬರುವುದು ಅದನ್ನು ಬೆಳೆಸಿದ ಪ್ರಾಣಿ, ಆಮೇಲೆ ಬರುವುದು ಗುರಿ. ನಮಗೆ ವಿಭಕ್ತಿಗಳಿರುವಾಗ ಅಡ್ಡಗೆರೆಗೆ ಜೋತುಬೀಳುವುದೇಕೆ? ಹೀಗೆ ಬರೆಯಿರಿ:

‘ಮೊಲದಲ್ಲಿ ಬೆಳೆಸಿದ, ರ‍್ಯಾಡ್51 ಹಿಡಿಯುವ ಪ್ರತಿಕಾಯ.’
‘ಮೇಕೆಯಲ್ಲಿ ಬೆಳೆಸಿದ, ಮೊಲದ ಐಜಿಜಿ ಹಿಡಿಯುವ ಪ್ರತಿಕಾಯ.’

ಐಜಿಜಿ ಎಂಬುದು ಪ್ರತಿಕಾಯದ ಒಂದು ಬಗೆ. ಮೊದಲನೆಯದು ಗುರಿಗೆ ಅಂಟುತ್ತದೆ, ಎರಡನೆಯದು ಆ ಮೊದಲನೆಯದಕ್ಕೆ ಅಂಟಿ ಅದನ್ನು ಕಣ್ಣಿಗೆ ಕಾಣಿಸುತ್ತದೆ. ಉದ್ದವಾಯಿತು ಎನ್ನಬಹುದು. ಆದರೆ ಈ ಉದ್ದವೇ ವಿದ್ಯಾರ್ಥಿಯನ್ನು ಕಾಯುತ್ತದೆ. ಮೊಲದಲ್ಲಿ ಬೆಳೆಸಿದ್ದನ್ನು 1:1000 ಬೆರೆಸಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಇಲಿಯ ಐಜಿಜಿ ಹಿಡಿಯುವುದನ್ನು ಹಾಕಿದರೆ ಪೊರೆಯ ಮೇಲೆ ಏನೂ ಕಾಣುವುದಿಲ್ಲ. ರ‍್ಯಾಡ್51 ಮಾತ್ರ 37 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಜಾಗದಲ್ಲಿ ಸುಮ್ಮನೆ ಕೂತಿರುತ್ತದೆ. ಇದಕ್ಕೆ ತಿರುವುಮುರುವಾದ ತಪ್ಪೂ ಉಂಟು. ಇಲಿಯ ಅಂಗಾಂಶಕ್ಕೆ ಇಲಿಯಲ್ಲೇ ಬೆಳೆಸಿದ ಪ್ರತಿಕಾಯ ಬಳಸಿದರೆ, ಎರಡನೆಯದು ಅಂಗಾಂಶದೊಳಗಿನ ಐಜಿಜಿಯನ್ನೂ ಹಿಡಿದು 50 ಮತ್ತು 25 ಕಿಲೋಡಾಲ್ಟನ್ ಬಳಿ ಪಟ್ಟಿ ಮೂಡಿಸುತ್ತದೆ. ಯಾರಲ್ಲಿ ಬೆಳೆದದ್ದು, ಯಾರನ್ನು ಹಿಡಿಯುವುದು ಎಂಬ ಎರಡು ಪ್ರಶ್ನೆಗೂ ಹೆಸರಿನಲ್ಲೇ ಉತ್ತರವಿರಲಿ.

ಬ್ಲಾಕಿಂಗ್‌ಗೆ ‘ತಡೆ’ ಎಂದರೆ ಏನನ್ನು ತಡೆದದ್ದು ಎಂದು ತಿಳಿಯುವುದಿಲ್ಲ. ನಡೆಯುವುದಿಷ್ಟು: ಪೊರೆಯಲ್ಲಿ ಪ್ರೋಟೀನ್ ಕೂರದ ಖಾಲಿ ಜಾಗಕ್ಕೆ ಪ್ರತಿಕಾಯ ಅಂಟದಂತೆ, ಶೇ. 5ರ ಕೆನೆರಹಿತ ಹಾಲಿನ ಪುಡಿಯ ದ್ರಾವಣದಲ್ಲಿ ಒಂದು ಗಂಟೆ ನೆನೆಸುವುದು. ಹಾಗಾಗಿ ‘ಖಾಲಿ ಜಾಗ ಮುಚ್ಚುವುದು’ ಎನ್ನಿ. ಇಲ್ಲೊಂದು ಎಚ್ಚರಿಕೆ ಸೇರಿಸಿ. ಮುಂದಿನ ಪಾಠ ಗಾಮಾ-ಎಚ್2ಎಎಕ್ಸ್ (ಡಿಎನ್‌ಎ ಕಡಿದಾಗ ಫಾಸ್ಫೇಟ್ ಅಂಟುವ ಪ್ರೋಟೀನ್) ಆಗಿದ್ದರೆ ಹಾಲು ಬೇಡ, ಶೇ. 5ರ ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಬಳಸಲಿ. ಅಲ್ಲಿ ಹುಡುಕುವುದು ಫಾಸ್ಫೇಟ್ ಅಂಟಿದ 139ನೇ ಸ್ಥಾನದ ಸೆರೀನ್ ಎಂಬ ಅಮೈನೋ ಆಮ್ಲವನ್ನು. ಹಾಲಿನ ಕೇಸೀನಿನಲ್ಲೂ ಫಾಸ್ಫೇಟ್ ಇರುವುದರಿಂದ ಹಿನ್ನೆಲೆ ಕಪ್ಪಾಗುವ ಸಾಧ್ಯತೆ ಹೆಚ್ಚು.

‘ದುರಸ್ತಿ’ ಚೆನ್ನಾಗಿದೆ. ಫಾರ್ಸಿಯ ‘ದುರುಸ್ತ್’ನಿಂದ ಬಂದದ್ದು, ಸರಿಯಾದ ಎಂದರ್ಥ. ತಾಲ್ಲೂಕು ಕಚೇರಿಯ ‘ಪೋಡಿ ದುರಸ್ತಿ’ ಎಲ್ಲ ರೈತರಿಗೂ ಗೊತ್ತು. ಅಲ್ಲಿ ಸರಿಯಾಗುವುದು ದಾಖಲೆ, ಡಿಎನ್‌ಎಗೂ ಅದೇ ಹೊಂದುತ್ತದೆ. ಸ್ಟ್ರ್ಯಾಂಡ್‌ಗೆ ‘ಎಳೆ’ ಇರಲಿ, ‘ತಂತು’ ಬೇಡ. ರೇಷ್ಮೆ ಬಿಚ್ಚುವ ನಮ್ಮ ಊರಿನಲ್ಲಿ ಎಳೆ ಕಡಿಯುವುದು ದಿನದ ಮಾತು. ಕಡಿದ ಎರಡು ತುದಿ ಸೇರಿಸಿ ಗಂಟು ಹಾಕಿದಂತೆ ಕೆಲಸ ಮಾಡುವವು ಕು70, ಕು80 ಇರುವ ದಾರಿಯ ಪ್ರೋಟೀನ್‌ಗಳು. ಗಂಟಿನ ಜಾಗದಲ್ಲಿ ಒಂದೆರಡು ಅಕ್ಷರ ಹೋಗಬಹುದು. ರ‍್ಯಾಡ್51 ಗಂಟು ಹಾಕುವುದಿಲ್ಲ. ಕಡಿದ ತುದಿಯಲ್ಲಿ ಉಳಿದ ಒಂಟಿ ಎಳೆಗೆ ಸುತ್ತಿಕೊಂಡು, ಅದೇ ಪಾಠವಿರುವ ಇನ್ನೊಂದು ಪ್ರತಿಯನ್ನು ಹುಡುಕಿಸುತ್ತದೆ. ಅದನ್ನು ನೋಡಿ ಉಳಿದದ್ದನ್ನು ಬರೆಯುವುದು ಡಿಎನ್‌ಎ ಪಾಲಿಮರೇಸ್. ಆದ್ದರಿಂದ ‘ಎಳೆ ಸೇರಿಸುವ ಪ್ರೋಟೀನ್’ ಎಂದು ಇದನ್ನು ಕರೆಯಬೇಡಿ.

‘ನಾಭಿ’ ಗಣಿತದ ದೀರ್ಘವೃತ್ತಕ್ಕೇ ಇರಲಿ. ವಿಕಿರಣ ಬಿದ್ದ ಕೋಶದ ನ್ಯೂಕ್ಲಿಯಸ್‌ನಲ್ಲಿ ಸೂಕ್ಷ್ಮದರ್ಶಕದಡಿ ಕಾಣುವುದು ದುರಸ್ತಿ ಪ್ರೋಟೀನ್‌ಗಳು ಗುಂಪಾದ ಹೊಳೆಯುವ ಚುಕ್ಕೆಗಳು. ‘ಚುಕ್ಕೆ’ ಎಂದರೆ ಸಾಕು. ಎಣಿಸುವಾಗಲೂ ‘ಒಂದು ನ್ಯೂಕ್ಲಿಯಸ್‌ಗೆ ಇಷ್ಟು ಚುಕ್ಕೆ’ ಎಂದು ಸಲೀಸಾಗಿ ಬರುತ್ತದೆ.

ಪ್ರತಿಕಾಯ ಎಂಬ ಪದವೂ ಹೊಸತಲ್ಲ. ಸಂಸ್ಕೃತ ನಿಘಂಟಿನಲ್ಲಿ ಅದಕ್ಕೆ ಪ್ರತಿಮೆ, ಶತ್ರು, ಗುರಿ ಎಂಬ ಅರ್ಥಗಳಿವೆ. ವಿಚಿತ್ರವೆಂದರೆ ಈಗ ಅದು ಗುರಿಯನ್ನು ಹಿಡಿಯುವ ವಸ್ತು. ರೂಢಿ ಗೆದ್ದಿದೆ, ಬದಲಿಸುವುದು ಬೇಡ. ಆದರೆ ‘ಪ್ರಾಥಮಿಕ ಪ್ರತಿಕಾಯ’, ‘ದ್ವಿತೀಯ ಪ್ರತಿಕಾಯ’ ಬದಲಿಸಿ. ಮೊದಲನೆಯದನ್ನು ಓದಿದರೆ ಪ್ರಾಥಮಿಕ ಶಾಲೆ ನೆನಪಾಗುತ್ತದೆ. ಹಾಕುವ ಕ್ರಮದಲ್ಲೇ ಮೊದಲ ಪ್ರತಿಕಾಯ, ಎರಡನೇ ಪ್ರತಿಕಾಯ ಎನ್ನಿ.