ಪದಚರ್ಚೆ: ಕರ್ನಲ್ ಮೆಮೊರಿ ಲೆಕ್ಕದಲ್ಲಿ ‘ಹಂಚಿಕೆ’, ‘ಖಾಲಿ’ಗಳಿಗೆ ಬದಲು ಮಾತು ಬೇಕೆ?

ಎಲ್ಲರಿಗೂ ನಮಸ್ಕಾರ.

ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ತನ್ನ ಮೆಮೊರಿಯನ್ನು ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದೆ ಎಂದು ತೋರಿಸುವ ಪಟ್ಟಿಯೊಂದಕ್ಕೆ ಕನ್ನಡದ ತಲೆಬರಹ ಬರೆಯುತ್ತಿದ್ದೇನೆ. ಇದ್ದ ಪಟ್ಟಿಯನ್ನು ಇನ್ನಷ್ಟು ವಿವರವಾಗಿಸುವ ಕೆಲಸ ಇದು. ‘ಬಳಸಿದ್ದು’, ‘ಉಳಿದದ್ದು’ ಎಂಬ ಎರಡೇ ಅಂಕಣವಿದ್ದಾಗ ಪದಗಳ ತೊಡಕು ಕಾಣುತ್ತಿರಲಿಲ್ಲ. ಅಂಕಣಗಳು ಹೆಚ್ಚಾದಂತೆ ನಾವು ಸಲೀಸಾಗಿ ಆಡುವ ಮಾತುಗಳೇ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿವೆ. ಬಲ್ಲವರ ಅಭಿಪ್ರಾಯ ಬೇಕು.

ಮೊದಲು ‘ಹಂಚಿಕೆ’. ‘ಮೆಮೊರಿ ಹಂಚಿಕೆ’ ರೂಢಿಗೆ ಬಂದ ಮಾತು, ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಿವೇಶನ ಹಂಚಿಕೆ, ಸೀಟು ಹಂಚಿಕೆ, ಖಾತೆ ಹಂಚಿಕೆ ಎನ್ನುವಾಗ ಇದ್ದದ್ದನ್ನು ಹಕ್ಕುದಾರರಿಗೆ ಪಾಲು ಮಾಡಿ ಕೊಟ್ಟ ಅರ್ಥವಿರುತ್ತದೆ. ಕರ್ನಲ್ ಪಾಲು ಮಾಡುವುದಿಲ್ಲ. ಕೇಳಿದಾಗ ಕೊಡುತ್ತದೆ, ಕೆಲಸ ಮುಗಿದ ಮೇಲೆ ಅದೇ ಜಾಗ ವಾಪಸ್ ಬರಬೇಕು. ಭಾವಕ್ಕೆ ತೀರಾ ಹತ್ತಿರದ್ದು ‘ಎರವಲು’, ಆದರೆ ತಲೆಬರಹದಲ್ಲಿ ಅದೊಂದೇ ನಿಂತರೆ ಕೊಟ್ಟದ್ದೋ ಪಡೆದದ್ದೋ ತಿಳಿಯುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹಲವು ಪ್ರೋಗ್ರಾಮುಗಳು ಒಟ್ಟಿಗೆ ಬಳಸುವ ಮೆಮೊರಿಯನ್ನೂ ನಾವು ‘ಹಂಚಿಕೊಂಡ ಮೆಮೊರಿ’ ಎನ್ನುತ್ತೇವೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಮೆಮೊರಿಯ ಲೆಕ್ಕ ತೋರಿಸುವ ‘ಫ್ರೀ’ ಆಜ್ಞೆಯಲ್ಲಿ ಆ ಹೆಸರಿನದೇ ಒಂದು ಅಂಕಣವಿದೆ. ಅಂಕಣದ ಅಗಲ ಸಾಲದೆ ಎರಡನ್ನೂ ಮೊಟಕುಗೊಳಿಸಿದರೆ ಎರಡೂ ಕಡೆ ‘ಹಂಚಿಕೆ’ಯೇ ಉಳಿಯುತ್ತದೆ.

ಹಾಗಾಗಿ ‘ನೀಡಿಕೆ’ಯತ್ತ ವಾಲಿದ್ದೇನೆ. ಆದರೆ ಅದೊಂದರಿಂದಲೂ ಮುಗಿಯುವುದಿಲ್ಲ. ಕರ್ನಲ್ಲಿನ ಒಂದು ಭಾಗ 130 ಬೈಟು ಕೇಳಿತು ಎನ್ನಿ. ಲಿನಕ್ಸಿನಲ್ಲಿ ಸಣ್ಣ ಬೇಡಿಕೆಗಳಿಗೆ ಗೊತ್ತಾದ ಅಳತೆಯ ಗೂಡುಗಳಿವೆ: 64, 96, 128, 192, 256, ಹೀಗೆ. ಸಾಮಾನ್ಯ 64 ಬಿಟ್ ಪಿಸಿಯಲ್ಲಿ 130ಕ್ಕೆ 192ರ ಗೂಡು ಸಿಗುತ್ತದೆ, 62 ಬೈಟು ಸುಮ್ಮನೆ ಬಿದ್ದಿರುತ್ತದೆ. ಆ ಗೂಡು ಇರುವುದು 4096 ಬೈಟಿನ ಪುಟದಲ್ಲಿ (ಮೆಮೊರಿಯನ್ನು ಕರ್ನಲ್ ಇಂಥ ಸಮ ಅಳತೆಯ ತುಂಡುಗಳಾಗಿ ನೋಡಿಕೊಳ್ಳುತ್ತದೆ). ಒಂದು ಪುಟದಲ್ಲಿ ಅಂಥ 21 ಗೂಡು ಹಿಡಿಸುತ್ತವೆ, ಕೊನೆಯಲ್ಲಿ 64 ಬೈಟು ಯಾರಿಗೂ ಸೇರದೆ ಉಳಿಯುತ್ತದೆ. 21ರಲ್ಲಿ ಒಂದೇ ಗೂಡು ತುಂಬಿದ್ದರೂ ಆ ಪುಟ ಬೇರೆ ಅಳತೆಯ ಬೇಡಿಕೆಗೆ ಸಿಗುವುದಿಲ್ಲ.

ಈಗ ‘ಎಷ್ಟು ಮೆಮೊರಿ ಹೋಯಿತು?’ ಎಂದು ಕೇಳಿದರೆ 130, 192, 4096 ಮೂರೂ ಸರಿಯುತ್ತರವೇ. ಮೂರನ್ನೂ ‘ಬಳಕೆ’ ಎಂದು ಕರೆದುಬಿಟ್ಟರೆ ಒಂದು ಪಟ್ಟಿಯ ಮೊತ್ತ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ, ಓದುವವರು ಇಲ್ಲದ ಸೋರಿಕೆಯನ್ನು, ಅಂದರೆ ಕೊಟ್ಟು ವಾಪಸ್ ಬಾರದ ಮೆಮೊರಿಯನ್ನು, ಹುಡುಕಲು ಹೊರಡುತ್ತಾರೆ. ಲೆಕ್ಕವನ್ನು ಸುಧಾರಿಸುವುದು ಎಂದರೆ ಬಹುಪಾಲು ಈ ಮೂರನ್ನು ಬೇರೆಬೇರೆಯಾಗಿ ತೋರಿಸುವುದೇ. ನನ್ನ ಸಲಹೆ: ಕೇಳಿದ್ದು, ಕೊಟ್ಟದ್ದು, ಹಿಡಿದಿಟ್ಟದ್ದು. ಮೊದಲೆರಡರ ಬಗ್ಗೆ ನನಗೆ ಅನುಮಾನವಿಲ್ಲ. ಮೂರನೆಯದು ಉದ್ದವಾಯಿತು. ‘ಹಿಡಿಕೆ’ ಎಂದರೆ ಕತ್ತಿಯ ಹಿಡಿಯ ನೆನಪು, ‘ಹಿಡಿತ’ ಎಂದರೆ ಅಧಿಕಾರದ ನೆನಪು. ಚಿಕ್ಕದೊಂದು ಪದ ಯಾರಿಗಾದರೂ ಹೊಳೆದರೆ ಉಪಕಾರ.

ಎರಡನೆಯದು ‘ಖಾಲಿ’, ನನ್ನನ್ನು ಹೆಚ್ಚು ಕಾಡಿದ್ದೂ ಇದೇ. ಕುರ್ಚಿ ಖಾಲಿ ಇದೆ ಎಂದರೆ ಹೋಗಿ ಕೂರಬಹುದು. ಇಂಕು ಖಾಲಿ ಎಂದರೆ ಬರೆಯುವುದು ನಿಂತಿತು. ಮೆಮೊರಿಯನ್ನು ಜಾಗ ಎಂದುಕೊಂಡವರಿಗೆ ‘ಮೆಮೊರಿ ಖಾಲಿ’ ಒಳ್ಳೆಯ ಸುದ್ದಿ, ಸರಕು ಎಂದುಕೊಂಡವರಿಗೆ ಕೆಟ್ಟ ಸುದ್ದಿ. ‘ಖಾಲಿ ಇದೆ’, ‘ಖಾಲಿ ಆಗಿದೆ’ ಎಂದು ಕ್ರಿಯಾಪದ ಸೇರಿದರೆ ಗೊಂದಲ ತಿಳಿಯಾಗುತ್ತದೆ, ನಿಜ. ಆದರೆ ತಲೆಬರಹಕ್ಕೆ ಕ್ರಿಯಾಪದ ಬರುವುದಿಲ್ಲ. ಎಚ್ಚರಿಕೆಯ ಸಾಲಿನಲ್ಲಿ ಎರಡು ವಿರುದ್ಧ ಅರ್ಥ ಕೊಡುವ ಪದ ಇರಲೇಬಾರದು ಎನ್ನುವುದು ನನ್ನ ನಿಲುವು. ‘ತೆರವು’ ಹೇಗೆ? ಹುದ್ದೆ ತೆರವಾಗಿದೆ, ಜಾಗ ತೆರವಾಗಿದೆ ಎನ್ನುತ್ತೇವೆ. ಸರಕು ಮುಗಿಯಿತೆಂಬ ಅರ್ಥ ಅದಕ್ಕಿಲ್ಲ. ಒತ್ತುವರಿ ತೆರವಿನ ನೆರಳು ಸ್ವಲ್ಪ ಬೀಳುತ್ತದೆ, ಅಷ್ಟೇ.

ಇದರ ಪಕ್ಕದಲ್ಲೇ ಇನ್ನೊಂದು ಅಂಕಣವಿದೆ. ಲಿನಕ್ಸಿನಲ್ಲಿ ‘ಮೆಮ್‌ಫ್ರೀ’ ಎಂದರೆ ಯಾರ ಬಳಿಯೂ ಇಲ್ಲದ ಮೆಮೊರಿ. ಬಹಳ ಹೊತ್ತಿನಿಂದ ಓಡುತ್ತಿರುವ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ಏಕೆಂದರೆ ಬಿಡುವಾದ ಮೆಮೊರಿಯಲ್ಲಿ ಕರ್ನಲ್ ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಂಡಿರುತ್ತದೆ. ಬೇಕಾದಾಗ ಅದರಲ್ಲಿ ಬಹಳಷ್ಟನ್ನು ಬಿಟ್ಟುಕೊಡಬಲ್ಲದು. ಅದನ್ನೂ ಸೇರಿಸಿ, ಕಾಯ್ದಿಟ್ಟದ್ದನ್ನು ಕಳೆದು ಹೇಳುವ ಅಂದಾಜೇ ‘ಮೆಮ್‌ಅವೈಲಬಲ್’. 2014ರಲ್ಲಿ 3.14ನೇ ಆವೃತ್ತಿಯಲ್ಲಿ ಬಂತು. ಇದಕ್ಕೆ ‘ಲಭ್ಯ’ ಎನ್ನುವುದನ್ನು ನಾನು ಒಪ್ಪಲಾರೆ, ಅದು ಎಣಿಸಿ ನೋಡಿ ಹೇಳಿದಂತಿದೆ. ‘ಸಿಗಬಹುದಾದದ್ದು’ ಎಂದರೆ ‘ಬಹುದು’ವಿನಲ್ಲೇ ಅಂದಾಜು ಬಂದುಬಿಡುತ್ತದೆ. ಕನ್ನಡದ ಪ್ರತ್ಯಯವೊಂದು ಮಾಡಿಕೊಡುವ ಕೆಲಸವನ್ನು ನಾವೇಕೆ ಬಿಡಬೇಕು?

ಕೊಡಲು ಒಪ್ಪಿದ ಮೆಮೊರಿಗೆ ‘ಮಂಜೂರು’ ಮಾತ್ರ ಹೇಳಿ ಮಾಡಿಸಿದಂತಿದೆ. ಪ್ರೋಗ್ರಾಮು ಮೆಮೊರಿ ಕೇಳಿದಾಗ ಲಿನಕ್ಸ್ ಸಾಮಾನ್ಯವಾಗಿ ಹೂಂ ಎನ್ನುತ್ತದೆ, ನಿಜವಾದ ಪುಟ ಕೊಡುವುದು ಅದನ್ನು ಮೊದಲ ಸಲ ಮುಟ್ಟಿದಾಗ. ಅದಕ್ಕೇ ಹೂಂ ಎಂದದ್ದರ ಮೊತ್ತ ಯಂತ್ರದಲ್ಲಿರುವ ಒಟ್ಟು ಮೆಮೊರಿಯನ್ನು ಮೀರಬಹುದು. ಅನುದಾನ ಮಂಜೂರಾಗಿದೆ, ಕೈಗೆ ಬಂದಿಲ್ಲ ಎಂಬ ಸ್ಥಿತಿ ಕನ್ನಡ ಓದುಗರಿಗೆ ವಿವರಿಸಬೇಕಾದ್ದಲ್ಲ. ಆದರೆ ಇದೇ ಜಾಡಿನಲ್ಲಿ ಮುಂದೆ ಹೋಗಿ ‘ಬಿಡುಗಡೆ’ ಬಳಸಬೇಡಿ. ಹಣ ಬಿಡುಗಡೆಯಾದರೆ ಕೈಗೆ ಬಂತು, ಮೆಮೊರಿ ಬಿಡುಗಡೆಯಾದರೆ ಕೈಬಿಟ್ಟಿತು.

‘ಒಟ್ಟು’ ಕೂಡ ಒಂಟಿಯಾಗಿ ನಿಲ್ಲಬಾರದು. 1988ರಲ್ಲಿ, ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮಾದ 4.3 ಬಿಎಸ್‌ಡಿ ಕರ್ನಲ್‌ಗಾಗಿ ಮೆಕ್ಯೂಸಿಕ್ ಮತ್ತು ಕಾರೆಲ್ಸ್ ರೂಪಿಸಿದ ವ್ಯವಸ್ಥೆಯಲ್ಲಿ, ಮೆಮೊರಿ ಕೇಳುವಾಗಲೇ ಯಾವ ಬಗೆಯ ಕೆಲಸಕ್ಕೆ ಎಂದೂ ಹೇಳಬೇಕಿತ್ತು. ಲೆಕ್ಕ ಬಗೆಬಗೆಯಾಗಿ ಸಿಗುತ್ತಿತ್ತು. ಅದೇ ಪರಂಪರೆಯ ಓಪನ್‌ಬಿಎಸ್‌ಡಿಯ ಪಟ್ಟಿಯಲ್ಲಿ ಸದ್ಯದ ಬಳಕೆ, ಅತಿ ಹೆಚ್ಚು ಮುಟ್ಟಿದ ಬಳಕೆ, ಬಂದ ಬೇಡಿಕೆಗಳ ಸಂಖ್ಯೆ ಅಕ್ಕಪಕ್ಕದಲ್ಲಿವೆ. ಕೊನೆಯದು ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ‘ಈಗ’, ‘ಈವರೆಗೆ’ ಎಂಬ ಎರಡು ಪುಟ್ಟ ಮಾತು ಮುಂದೆ ಹಚ್ಚಿದರೆ ಸಾಕೆನಿಸುತ್ತದೆ: ಈಗಿನ ಬಳಕೆ, ಈವರೆಗಿನ ಗರಿಷ್ಠ, ಈವರೆಗಿನ ಬೇಡಿಕೆ. 2024ರ ಲಿನಕ್ಸ್ 6.10ರಲ್ಲಿ ಬಂದ ‘ಅಲಾಕ್‌ಇನ್ಫೊ’ ಕಡತ ಮೂಲ ಸಂಕೇತದ ಯಾವ ಸಾಲಿನಿಂದ ಎಷ್ಟು ಬೈಟು ಹೋಗಿದೆ ಎಂದೇ ತೋರಿಸುತ್ತದೆ. ಅಲ್ಲಿರುವುದು ಈಗಿನ ಲೆಕ್ಕ. ಅದರ ಮೇಲೆ ‘ಒಟ್ಟು’ ಎಂದು ಬರೆದರೆ ಓದುವವರು ಈವರೆಗಿನದ್ದು ಎಂದುಕೊಳ್ಳುತ್ತಾರೆ.

‘ಸೋರಿಕೆ’ ಸರಿಯಾಗಿ ಕೂತಿದೆ, ಮುಟ್ಟುವುದು ಬೇಡ.

ಕೊನೆಯ ಪ್ರಶ್ನೆ ‘ಛಿದ್ರೀಕರಣ’ದ್ದು (ಇಂಗ್ಲಿಷಿನ ‘ಫ್ರಾಗ್ಮೆಂಟೇಶನ್’). ಗೂಡಿನೊಳಗೆ 62 ಬೈಟು ಬಿದ್ದಿರುವುದಕ್ಕೂ ಅದೇ ಪದ, ಸಾಕಷ್ಟು ಪುಟ ತೆರವಿದ್ದರೂ ಒಂದಕ್ಕೊಂದು ತಾಗಿಕೊಂಡಿಲ್ಲದೆ ದೊಡ್ಡ ಬೇಡಿಕೆ ಪೂರೈಸಲಾಗದಿರುವುದಕ್ಕೂ ಅದೇ ಪದ. ಮೊದಲನೆಯದರಲ್ಲಿ ಏನೂ ಛಿದ್ರವಾಗಿಲ್ಲ, ಅದು ಬರೀ ಪೋಲು. ಮೊದಲನೆಯದಕ್ಕೆ ‘ಒಳಪೋಲು’, ಎರಡನೆಯದಕ್ಕೆ ‘ಚೆದುರಿಕೆ’ ಎಂದು ಇಡಲೇ? ‘ಒಳ’ ಬೇಕೇ, ಬರೀ ‘ಪೋಲು’ ಸಾಕೇ? ಅಂಕಣದಲ್ಲಿ ಜಾಗ ಹತ್ತು ಅಕ್ಷರದಷ್ಟೇ ಇದೆ ಎಂಬುದನ್ನು ಗಮನದಲ್ಲಿಟ್ಟು ದಯವಿಟ್ಟು ಉತ್ತರಿಸಿ.